ಆರನೆಯ ಅಟ್ಟೆ

ಮೇ 4

ಗುಬ್ಬಿ,

ನೀನು ಕಳಿಸಿದ ಹಲಗೆ ಬಂದು ತಲುಪಿದೆ, ಗಾಜು ಒಡೆದಿಲ್ಲ. ನೀನು ಸುತ್ತಿದ್ದ ಕಾಗದವನ್ನೆಲ್ಲ ಬಿಚ್ಚುವಷ್ಟರಲ್ಲಿ ಅಂಗಡಿ ತೆರೆಯುವ ಹೊತ್ತು ಮೀರಿ ಹೋಗಿತ್ತು. ಗ್ರಂಥಾಲಯದವರು ಇಪ್ಪತ್ತೈದು ವರ್ಷದ ದುಡಿಮೆಗೆಂದು ಕೊಟ್ಟದ್ದನ್ನು ನೀನೇ ಇಟ್ಟುಕೊಳ್ಳಬಾರದಿತ್ತೇ ಎಂದು ನಿನ್ನ ಅತ್ತಿಗೆ ಕೇಳುತ್ತಿದ್ದಾಳೆ. ಚಪ್ಪಲಿ ಹೊಲಿಯುವವನಿಗೆ ಟ್ಯಾಬ್ಲೆಟ್ಟು ಎಂದರೆ ಕಪಿಯ ಕೈಗೆ ಮಾಣಿಕ್ಯ ಕೊಟ್ಟ ಹಾಗಲ್ಲವೇ?

ಮೊದಲ ತೊಂದರೆ ಹೇಳಿಬಿಡುತ್ತೇನೆ. ಇದು ನನ್ನ ಬೆರಳನ್ನು ಬೆರಳೆಂದೇ ಒಪ್ಪುವುದಿಲ್ಲ. ನಲವತ್ತು ವರ್ಷಕ್ಕೂ ಮೇಲೆ ಮೇಣದ ದಾರ ಎಳೆದು ತುದಿಗಳೆಲ್ಲ ತೊಗಲಾಗಿವೆ, ಅದರ ಮೇಲೆ ಅಂಟಿನ ಪದರ ಬೇರೆ. ನಾನು ಎಷ್ಟು ಒತ್ತಿದರೂ ಸುಮ್ಮನೆ ಬಿದ್ದಿರುತ್ತದೆ, ಪಕ್ಕದ ಅಂಗಡಿಯ ವಾಚ್ ರಿಪೇರಿಯವನು ಮುಟ್ಟಿದರೆ ಕುಣಿಯುತ್ತದೆ. ಕೊನೆಗೆ ಬೆರಳಿನ ಗೆಣ್ಣಿನಿಂದ ತಟ್ಟುವುದನ್ನು ಕಲಿತೆ. ನನ್ನ ವಸ್ತುವನ್ನು ನಾನೇ ಮುಟ್ಟಲು ಬಾಗಿಲು ತಟ್ಟಿ ಅಪ್ಪಣೆ ಕೇಳಬೇಕಾಗಿದೆ ನೋಡು.

ಆದರೂ ಒಂದು ವಾರದಲ್ಲಿ ಇದಕ್ಕೆ ಕೆಲಸ ಹುಡುಕಿಕೊಟ್ಟಿದ್ದೇವೆ. ಬೆಳಿಗ್ಗೆ ನಿನ್ನ ಅತ್ತಿಗೆ ಇದನ್ನು ಆರಿಸಿ, ಕಿಟಕಿಗೆ ಒರಗಿಸಿ, ಇದರ ಮುಂದೆ ತಲೆ ಬಾಚುತ್ತಾಳೆ. ಕನ್ನಡಿಗಿಂತ ಇದರಲ್ಲಿ ಮುಖದ ಸುಕ್ಕು ಕಡಿಮೆ ಕಾಣುತ್ತದಂತೆ. ಅಂಗಡಿಯಲ್ಲಿ ಅಂಟು ಒಣಗುವ ತನಕ ತಳಕ್ಕೆ ಅಂಟಿಸಿದ ಅಟ್ಟೆಗಳ ಮೇಲೆ ಭಾರ ಇಡಬೇಕಲ್ಲ, ಅದಕ್ಕೆ ಇಟ್ಟಿಗೆಗಿಂತ ಇದೇ ಮೇಲು, ಸಮನಾಗಿ ಕೂರುತ್ತದೆ. ಚರ್ಮ ನೇರವಾಗಿ ಕತ್ತರಿಸಬೇಕಾದರೆ ಇದರ ಅಂಚು ಹಿಡಿದು ರಂಪಿಗೆ ಎಳೆಯುತ್ತೇನೆ. ಒಟ್ಟಿನಲ್ಲಿ ಒಳ್ಳೆಯ ಸಾಮಾನು.

ನಾನು ಕಳಿಸಿದ ಬೂಟು ಹೇಗಿದೆ? ಎಡಗಾಲು ಸರಿಯಾಗಿ ಕೂರುತ್ತದೆಯೇ?

ನಿನ್ನ ಅಣ್ಣ


ಮೇ 13

ಅಣ್ಣ,

ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಇಟ್ಟಿಗೆಯ ಬದಲಿಗೆ ಇರಲಿ ಎಂದು ಕಳಿಸಿದ್ದಲ್ಲ ಅದು. ಅದರಲ್ಲಿ ಪೇಪರ್ ಓದಬಹುದು, ನನ್ನ ಮುಖ ನೋಡಿಕೊಂಡು ಮಾತಾಡಬಹುದು. ಬೇಡ ಎಂದರೆ ಬಿಡು, ನಿನ್ನ ಕಾಗದ ಬಂದರೆ ನನಗೂ ಖುಷಿಯೇ. ಒಂದು ಕೆಲಸ ಮಾತ್ರ ಮಾಡಿ ನೋಡು. ಯಾವುದಾದರೂ ವಸ್ತುವಿನ ಫೋಟೊ ತೆಗೆದು, ಎರಡು ಬೆರಳಿಟ್ಟು (ನಿನಗಾದರೆ ಎರಡು ಗೆಣ್ಣು) ಹಿಗ್ಗಿಸು. ಹೊಲಿಗೆಯ ಒಂದೊಂದು ರಂಧ್ರವೂ ಬಾವಿಯಷ್ಟು ದೊಡ್ಡದಾಗಿ ಕಾಣುತ್ತದೆ. ಅತ್ತಿಗೆಗೆ ಹೇಳು, ತಲೆ ಬಾಚಲು ಒಳ್ಳೆಯ ಕನ್ನಡಿಯೊಂದನ್ನು ಬೇರೆ ಕಳಿಸುತ್ತೇನೆ.

ನನಗೆ ಇಲ್ಲಿ ಹಳೆಯ ಪುಸ್ತಕಗಳ ಪಟ್ಟಿ ಮಾಡುವ ಕೆಲಸ ಬಿದ್ದಿದೆ. ದಿನಕ್ಕೆ ಹತ್ತು ಸಲ ಎರಡು ಮಹಡಿ ಹತ್ತಿ ಇಳಿಯುತ್ತೇನೆ.

ಬೂಟು ಚೆನ್ನಾಗಿದೆ. ದಿನಾ ಅದನ್ನೇ ಹಾಕುತ್ತೇನೆ.

ಗುಬ್ಬಿ


ಜೂನ್ 1

ಗುಬ್ಬಿ,

ಸಿಕ್ಕಿತು! ಈ ಹಲಗೆ ಹುಟ್ಟಿದ್ದು ಯಾವುದಕ್ಕೆ ಎಂದು ಈಗ ಗೊತ್ತಾಯಿತು. ರಿಪೇರಿಗೆ ಬಂದ ಪ್ರತಿಯೊಂದು ಜೋಡನ್ನೂ ತಲೆಕೆಳಗು ಮಾಡಿ ತಳದ ಫೋಟೊ ತೆಗೆಯುತ್ತೇನೆ, ನೀನು ಹೇಳಿದ ಹಾಗೆ ಹಿಗ್ಗಿಸಿ ನೋಡುತ್ತೇನೆ. ಬರಿಗಣ್ಣಿಗೆ ಕಾಣದ ಸವೆತವೆಲ್ಲ ಎದ್ದು ಕಾಣುತ್ತದೆ. ಅಂಚೆಯವನು ಚೀಲ ಹೊರುವುದು ಯಾವ ಹೆಗಲಿಗೆ ಎಂದು ಅವನನ್ನು ಕೇಳದೆಯೇ ಹೇಳಿದೆ. ಶಾಲೆಯ ಮೇಡಂ ಬೋರ್ಡಿನ ಮೇಲ್ತುದಿಗೆ ಬರೆಯಲು ತುದಿಗಾಲಲ್ಲಿ ನಿಲ್ಲುತ್ತಾರೆ, ಅಟ್ಟೆಯ ಮುಂಭಾಗ ಹೇಳಿತು. ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯುತ್ತೇನೆಂದು ಹೆಂಡತಿಯ ಹತ್ತಿರ ಹೇಳುವ ಒಬ್ಬ ಮಹಾನುಭಾವನ ತಳವಂತೂ ಅಂಗಡಿಯಿಂದ ಈಗ ತಂದ ಹಾಗಿತ್ತು. ಅವನ ಗುಟ್ಟು ನನ್ನಲ್ಲಿ ಭದ್ರವಾಗಿದೆ. ಬಾಯಿ ಸುಳ್ಳು ಹೇಳಬಹುದು, ಅಟ್ಟೆ ಹೇಳುವುದಿಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿನಗೆ ಮೂರು ವರ್ಷವಾಗಿದ್ದಾಗ ಜ್ವರ ಬಂದು ಎಡಗಾಲು ಗಿಡ್ಡವಾಯಿತು. ಊರಿನ ಚಪ್ಪಲಿ ಹೊಲಿಯುವವನು ಮಾಡಿಕೊಟ್ಟ ಬೂಟು ಕಚ್ಚಿ ನೀನು ಅಳುತ್ತಿದ್ದುದನ್ನು ನೋಡಲಾರದೆ ನಾನು ಶಾಲೆ ಬಿಟ್ಟು ಇದೇ ಕಸುಬಿಗೆ ಕೂತೆ. ಇದೆಲ್ಲ ನಿನಗೆ ಗೊತ್ತಿರುವುದೇ. ಗಿಡ್ಡ ಕಾಲಿನಡಿಗೆ ಎಷ್ಟು ಅಟ್ಟೆ ಇಟ್ಟರೆ ಸಮವಾಗುತ್ತದೆ ಎಂಬುದೊಂದೇ ನನಗೆ ಇವತ್ತಿಗೂ ಖಾತ್ರಿಯಿಲ್ಲದ ಸಂಗತಿ. ನಿನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಐದಕ್ಕೆ ಇನ್ನೊಂದು ಸೇರಿಸಿ ಆರು ಮಾಡಿದೆ. ಇಪ್ಪತ್ತೇಳು ವರ್ಷದಿಂದ ಸರಿಯೇ ಎಂದು ಕೇಳುತ್ತಿದ್ದೇನೆ, ನೀನು ಸರಿ ಎನ್ನುತ್ತಿದ್ದೀಯ. ಈಗ ನಿನ್ನನ್ನು ಕೇಳುವುದೇ ಬೇಡ, ನೋಡಿದರೆ ಸಾಕು. ಅಟ್ಟೆ ಹೆಚ್ಚಾಗಿದ್ದರೆ ಎರಡು ತಳವೂ ಬೇರೆ ಬೇರೆ ಥರ ಸವೆದಿರುತ್ತವೆ, ಸರಿಯಾಗಿದ್ದರೆ ಎರಡೂ ಸಮ. ಕಳೆದ ವರ್ಷ ಕಳಿಸಿದ ಜೋಡಿನ ತಳದ ಫೋಟೊ ತೆಗೆದು ವಾಚ್ ರಿಪೇರಿಯವನ ಫೋನಿಗೆ ಕಳಿಸು, ಅವನು ಹಲಗೆಗೆ ಹಾಕಿಕೊಡುತ್ತಾನೆ.

ಈ ವರ್ಷದ ಜೋಡನ್ನು ಬೇಗ ಮಾಡಬೇಕೆಂದಿದ್ದೇನೆ. ಈಚೆಗೆ ಹೊಲಿಗೆ ಸ್ವಲ್ಪ ಓಲಾಡುತ್ತಿದೆ, ಅಂಗಡಿಯಲ್ಲಿ ಬೆಳಕು ಸಾಲದು.

ಅಣ್ಣ


ಜೂನ್ 12

ಅಣ್ಣ,

ಬೆಳಕಿನ ಮಾತು ಓದಿದ ದಿನವೇ ಹೋಗಿ ಒಂದು ಮೇಜುದೀಪ ಕೊಂಡು ಕಳಿಸಿದ್ದೇನೆ. ಕುತ್ತಿಗೆಯನ್ನು ಬೇಕಾದ ಕಡೆ ಬಗ್ಗಿಸಬಹುದು. ಅಕ್ಷರವೂ ಓಲಾಡುತ್ತಿದೆ, ಅವಸರದಲ್ಲಿ ಬರೆಯಬೇಡ.

ಫೋಟೊ ತೆಗೆಯುತ್ತೇನೆ, ಸ್ವಲ್ಪ ತಾಳು. ಇಲ್ಲಿ ಕೆಲಸ ಬಹಳ. ಬೂಟಿನ ತಳ ಕೊಳೆಯಾಗಿದೆ, ಒರೆಸಿ ತೆಗೆಯಬೇಕು. ಹೊಸ ಜೋಡಿಗೆ ಏನೂ ಅವಸರವಿಲ್ಲ, ಇರುವುದೇ ಗಟ್ಟಿಯಾಗಿದೆ.

ಗುಬ್ಬಿ


ಜೂನ್ 20

ಗುಬ್ಬಿ,

ದೀಪ ಬಂತು. ನಿನ್ನ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು, ದೀಪವನ್ನೂ ಜೊತೆಗೇ ಕಳಿಸಿದ್ದೀಯ.

ಒರೆಸಬೇಡ. ನನಗೆ ಬೇಕಾದದ್ದೇ ಕೊಳೆ. ನನಗೆ ಅವಸರವಿದೆ ಎಂದರೆ ಇದೆ ಎಂದು ತಿಳಿ.

ಅಣ್ಣ


ಜುಲೈ 20 (ಬರೆದದ್ದು; ಅಂಚೆಗೆ ಹಾಕಲಿಲ್ಲ)

ಅಣ್ಣ,

ಭಾನುವಾರ ಮಧ್ಯಾಹ್ನ. ಒಂದು ತಿಂಗಳಿನಿಂದ ನಿನಗೆ ಕಾಗದ ಬರೆದಿಲ್ಲ. ಕಪಾಟಿನ ಮೇಲಿಂದ ಎಂಟು ಡಬ್ಬಿಗಳನ್ನು ಇಳಿಸಿ ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದೇನೆ. ಎಂಟು ವರ್ಷದಿಂದ ನೀನು ಕಳಿಸಿದ ಎಂಟು ಜೋಡು. ಒಂದನ್ನೂ ಹಾಕಿಲ್ಲ. ಚರ್ಮದ ವಾಸನೆ ಹಾಗೇ ಇದೆ.

ಎಂಟು ವರ್ಷದ ಹಿಂದೆ ಸೊಂಟದ ನೋವು ತಡೆಯಲಾರದೆ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಕಾಲು ಅಳೆದರು, ಆಮೇಲೆ ನಿನ್ನ ಬೂಟು ಅಳೆದರು. ಕಾಲಂಗುಲ ಹೆಚ್ಚಾಗಿದೆ, ಅದೇ ಸೊಂಟವನ್ನು ಮೇಲಕ್ಕೆ ನೂಕುತ್ತಿದೆ ಎಂದರು. ಕಾಲಂಗುಲ ಎಂದರೆ ಒಂದು ಅಟ್ಟೆ. ಆರನೆಯದು. ಅಂದಿನಿಂದ ಆಸ್ಪತ್ರೆಯವರು ಮಾಡಿಸಿಕೊಟ್ಟ ಬೂಟು ಹಾಕುತ್ತಿದ್ದೇನೆ. ನೋಡಲು ಚೆನ್ನಾಗಿಲ್ಲ, ಆದರೆ ನೋವಿಲ್ಲ.

ನೀನು ಆರನೆಯ ಅಟ್ಟೆ ಹಾಕಿದ ದಿನ ನೆನಪಿದೆಯೇ? ಮೂರು ದಿನ ಅದಕ್ಕೇ ಕೂತಿದ್ದೆ. ಹೊಸಿಲಿನಿಂದ ಬೀದಿಯ ತುದಿಯವರೆಗೆ ನನ್ನನ್ನು ನಡೆಸಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನನ್ನ ಕಾಲನ್ನೇ ನೋಡುತ್ತಿದ್ದೆ. ನಿನ್ನ ಮುಖ ನೋಡಿ ನಾನು, "ಈಗ ಸರಿಯಾಯ್ತು ಅಣ್ಣ" ಎಂದುಬಿಟ್ಟೆ. ಸರಿಯಾಗಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಒಂದು ವರ್ಷ ಕಳೆದ ಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು. ಆಮೇಲೆ ಹೇಳುವ ದಾರಿಯೇ ಮುಚ್ಚಿಹೋಯಿತು. ಇಲ್ಲೇ ಯಾರ ಹತ್ತಿರವಾದರೂ ಒಂದು ಅಟ್ಟೆ ತೆಗೆಸಬಹುದಿತ್ತು. ಇನ್ನೊಬ್ಬರ ರಂಪಿಗೆ ನಿನ್ನ ಬೂಟಿಗೆ ತಾಗುವುದು ನನಗೆ ಸೇರಲಿಲ್ಲ.

ಈವತ್ತು ಏನು ಮಾಡಿದೆ ಗೊತ್ತೇ? ಕಳೆದ ವರ್ಷದ ಜೋಡನ್ನು ಹಿತ್ತಿಲ ಮೆಟ್ಟಿಲಿಗೆ ಒಯ್ದು ಸಿಮೆಂಟಿಗೆ ಉಜ್ಜಿದೆ. ಬಲಗಾಲಿನದು ನೂರು ಸಲ, ಎಡಗಾಲಿನದು ನೂರು ಸಲ. ಎಣಿಸಿಕೊಂಡು ಉಜ್ಜಿದೆ. ಆಮೇಲೆ ಕೈತೋಟದ ಮಣ್ಣು ಮೆತ್ತಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ, ನಾನೂ ಹಾಗೇ ಕಣ್ಣು ಮುಚ್ಚಿಕೊಂಡೇ ಉಜ್ಜಿರಬೇಕು. ನಲವತ್ತೇಳು ವರ್ಷದ ಹೆಂಗಸು ಮಾಡುವ ಕೆಲಸವೇ ಇದು?

ಈ ಕಾಗದ ಕಳಿಸಿದರೆ ಫೋಟೊ ಕಳಿಸಬೇಕಾಗಿಲ್ಲ.


ಜುಲೈ 21

ಅಣ್ಣ,

ತಡವಾಯಿತು, ಕ್ಷಮಿಸು. ಎರಡು ತಳದ ಫೋಟೊವನ್ನೂ ಬೆಳಿಗ್ಗೆ ಕಳಿಸಿದ್ದೇನೆ. ನೀನು ಹೇಳಿದಂತೆ ಒರೆಸಿಲ್ಲ.

ಗುಬ್ಬಿ


ಜುಲೈ 30

ನನ್ನ ಗುಬ್ಬಿ,

ಫೋಟೊ ನೋಡಿದೆ. ನಂಬಿಕೆ ಬಾರದೆ ಮತ್ತೊಮ್ಮೆ ನೋಡಿದೆ. ಹಲಗೆಯನ್ನು ಬೀದಿಯ ಬೆಳಕಿಗೆ ಒಯ್ದು ಇನ್ನೊಮ್ಮೆ ನೋಡಿದೆ. ಬಲ ಎಷ್ಟೋ ಎಡವೂ ಅಷ್ಟೇ. ಕೂದಲೆಳೆಯ ವ್ಯತ್ಯಾಸವಿಲ್ಲ. ಇಷ್ಟು ವರ್ಷದಲ್ಲಿ ನಾನು ನೋಡಿದ ಸಾವಿರಾರು ತಳಗಳಲ್ಲಿ, ಎರಡು ಕಾಲೂ ನೆಟ್ಟಗಿರುವವರದರಲ್ಲೂ, ಇಷ್ಟು ಸಮ ಕಂಡಿಲ್ಲ.

ವಾಚ್ ರಿಪೇರಿಯವನಿಗೆ ತೋರಿಸಿದೆ. ಅಂಚೆಯವನಿಗೆ ತೋರಿಸಿದೆ. "ಇದು ನನ್ನ ತಂಗಿ ನಡೆದದ್ದು, ಇದು ನಾನು ಇಟ್ಟ ಲೆಕ್ಕ" ಎಂದೆ. ನಿನ್ನ ಅತ್ತಿಗೆಗೆ ನಾಲ್ಕು ಸಲ ತೋರಿಸಿದೆ. ನಾಲ್ಕನೆಯ ಸಲ, ಅನ್ನ ಆರುತ್ತಿದೆ ಎಂದಳು.

ನಿನಗೊಂದು ನಿಜ ಹೇಳಲೇ? ಆರನೆಯ ಅಟ್ಟೆಯ ಮೇಲೆ ನನಗೆ ಯಾವತ್ತೂ ಸಂಶಯವಿತ್ತು. ಹೆಚ್ಚಾಯಿತೇನೋ, ನನ್ನ ಮೇಲಿನ ಮಮತೆಗೆ ಇವಳು ಸುಮ್ಮನಿದ್ದಾಳೇನೋ ಎಂದು ಎಷ್ಟೋ ಸಲ ಅನಿಸಿದೆ. ಈ ಸಲ ಐದೇ ಹಾಕೋಣ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಯೂ ಇದ್ದೆ. ಒಳ್ಳೆಯದಾಯಿತು, ನೀನು ಫೋಟೊ ಕಳಿಸಿ ಕಾಪಾಡಿದೆ. ಆರೇ ಹಾಕುತ್ತೇನೆ. ನನಗಿದ್ದ ಸಂಶಯ ಅದೊಂದೇ, ಅದೂ ತೀರಿತು.

ಈ ಹಲಗೆ ಕಳಿಸಿದ್ದಕ್ಕೆ ನಾನು ನಿನಗೆ ಸರಿಯಾಗಿ ಕೃತಜ್ಞತೆ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಅಣ್ಣ


ಸೆಪ್ಟೆಂಬರ್ 18

ಗುಬ್ಬಿ,

ಇದು ಅತ್ತಿಗೆ ಬರೆಯುತ್ತಿರುವುದು. ನಿನ್ನ ಅಣ್ಣ ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ. ಬೂಟು ಪಾರ್ಸೆಲ್ ಮಾಡಿದೆ, ಆರು ಅಟ್ಟೆಯೂ ಒಳ್ಳೆಯ ಚರ್ಮ, ಮೊದಲ ವಾರ ಮನೆಯೊಳಗೇ ಹಾಕಿಕೊಂಡು ಹದ ಮಾಡಿಕೋ ಎಂದು ಬರೆಯಲು ಹೇಳಿದರು. ಬರೆದಿದ್ದೇನೆ.

ಈಗ ಅವರು ಕೈ ತೊಳೆಯಲು ಎದ್ದು ಹೋಗಿದ್ದಾರೆ, ನಾನು ಹೇಳಬೇಕಾದದ್ದನ್ನು ಬರೆಯುತ್ತೇನೆ. ವರ್ಷದಿಂದ ಅವರ ಬಲಗೈ ನಡುಗುತ್ತಿದೆ. ಬೆಳಕು ಸಾಲದು ಎಂದು ನಿನಗೆ ಬರೆದರು, ನೀನು ದೀಪ ಕಳಿಸಿದೆ. ಅವರು ಅದನ್ನು ಹಚ್ಚಿಟ್ಟುಕೊಂಡು ನಡುಗುವ ಕೈಯನ್ನೇ ನೋಡುತ್ತಾ ಕೂರುತ್ತಿದ್ದರು. ಈ ಜೋಡಿಗೆ ಏಳು ವಾರ ಹಿಡಿಯಿತು. ಒಂದೊಂದು ಹೊಲಿಗೆಯನ್ನೂ ಫೋಟೊ ತೆಗೆದು, ಹಿಗ್ಗಿಸಿ, ಒಪ್ಪಿಗೆಯಾಗದಿದ್ದರೆ ಬಿಚ್ಚಿ ಮತ್ತೆ ಹೊಲಿದರು. ನಾನು ಬೂಟನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡಿರುತ್ತಿದ್ದೆ. ಮುಗಿದ ಮಾರನೆಯ ದಿನ ಅಂಗಡಿ ಮುಚ್ಚಿದರು. ಅಚ್ಚು, ರಂಪಿಗೆ ಎಲ್ಲ ಕೊಟ್ಟುಬಿಟ್ಟಿದ್ದಾರೆ. ಇದು ಕೊನೆಯ ಜೋಡು ಕಣೇ. ದಿನಕ್ಕೊಂದು ಸಲ ಹಲಗೆ ತೆಗೆದು ನಿನ್ನ ಆ ಫೋಟೊ ನೋಡುತ್ತಾರೆ. ಅದೊಂದು ಇಲ್ಲದಿದ್ದರೆ ಈ ದಿನಗಳನ್ನು ಹೇಗೆ ಕಳೆಯುತ್ತಿದ್ದರೋ.

ಬಂದರು. ನಿಲ್ಲಿಸುತ್ತೇನೆ.


ಸೆಪ್ಟೆಂಬರ್ 29

ಅಣ್ಣ,

ಬೂಟು ಬಂತು. ಐದು ದಿನ ಅದನ್ನೇ ಹಾಕಿಕೊಂಡು ಗ್ರಂಥಾಲಯಕ್ಕೆ ಹೋದೆ. ಆರನೆಯ ದಿನ ಏಳಲಾಗಲಿಲ್ಲ. ರಜೆ ಹಾಕಿ ಮಲಗಿದ್ದೇನೆ.

ನಿನ್ನ ಕೈಯ ವಿಷಯ ಅತ್ತಿಗೆ ತಿಳಿಸಿದ್ದಾರೆ, ಅವರನ್ನು ಬಯ್ಯಬೇಡ. ನಿನ್ನ ಅಕ್ಷರ ಓಲಾಡುವುದನ್ನು ನೋಡಿಯೂ ನಾನು ದೀಪ ಕಳಿಸಿದೆ. ಆ ದಿನವೇ ರೈಲು ಹತ್ತಬೇಕಿತ್ತು.

ಜುಲೈಯಲ್ಲಿ ನಿನಗೊಂದು ಕಾಗದ ಬರೆದು ಕಳಿಸದೆ ಇಟ್ಟುಕೊಂಡಿದ್ದೆ. ಅದನ್ನು ಇದರ ಜೊತೆ ಮಡಿಸಿ ಇಟ್ಟಿದ್ದೇನೆ. ಓದು. ನಿನಗಿರುವ ಒಂದೇ ಸಮಾಧಾನವನ್ನು ಕಿತ್ತುಕೊಳ್ಳುತ್ತಿದ್ದೇನೆ ಎಂದು ಗೊತ್ತಿದೆ. ದಿನಗಟ್ಟಲೆ ಯೋಚಿಸಿದೆ. ನೀನು ಆ ಸುಳ್ಳು ಫೋಟೊವನ್ನು ದಿನಾ ನೋಡುತ್ತೀಯ ಎಂಬುದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಗುಬ್ಬಿ


ನವೆಂಬರ್ 6

ಗುಬ್ಬಿ ಇದನ್ನ ಹಲಗೆ ಮುಂದೆ ಕೂತು ಹೇಳ್ತಿದೀನಿ ಅದೇ ಬರ್ಕೊಳ್ತಿದೆ ವಾಚ್ ರಿಪೇರಿಯವನು ಹೇಳಿಕೊಟ್ಟ ಚುಕ್ಕಿ ಎಲ್ಲಿ ಹಾಕೋದು ಅಂತ ನಂಗೆ ಗೊತ್ತಿಲ್ಲ ನೀನೇ ಹಾಕ್ಕೊ

ನಿಮ್ಮ ಅತ್ತಿಗೆ ಕೈಲಿ ಬರೆಸೋ ಮಾತಲ್ಲ ಇದು ಅವಳು ಆಚೆ ಹೋಗ್ಲಿ ಅಂತ ಕಾದಿದ್ದೆ

ನಿನ್ನ ಕಾಗದ ಬಂದು ತಿಂಗಳಾಯ್ತು ಮೊದಲು ಕೋಪ ಬಂತು ಆಮೇಲೆ ಆ ಫೋಟೊ ತೆಗೆದು ಇನ್ನೊಂದ್ಸಲ ದೊಡ್ಡದು ಮಾಡಿ ನೋಡ್ದೆ ಗೆರೆ ಎಲ್ಲ ಅಡ್ಡಕ್ಕಿದೆ ನಡೆದಿದ್ರೆ ಉದ್ದಕ್ಕೆ ಬರುತ್ತೆ ಬೇರೆ ಯಾರದಾದ್ರೂ ಆಗಿದ್ರೆ ನೋಡಿದ ತಕ್ಷಣ ನಗ್ತಿದ್ದೆ ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ ಹಾಗಾಯ್ತು ನಾನು ನಿನ್ನ ಅಟ್ಟೆ ನೋಡ್ಲಿಲ್ಲ ನನ್ನ ಕೆಲಸ ನೋಡ್ಕೊಂಡು ಹಿಗ್ಗಿದೆ ಅದು ನನ್ನ ತಪ್ಪು

ನಿನ್ನ ತಪ್ಪು ಹೇಳ್ತೀನಿ ಕೇಳು ನೋವಾಗುತ್ತೆ ಅಂದ್ರೆ ಅಣ್ಣಂಗೆ ನೋವಾಗುತ್ತೆ ಅಂದ್ಕೊಂಡೆ ಬೂಟು ಮಾಡೋನಿಗೆ ಬೇಕಾಗಿರೋದೇ ಆ ಮಾತಲ್ವೇನೇ ಎಲ್ಲಿ ನೋವು ಅಂತ ಹೇಳಿದ್ರೆ ತಾನೇ ನಾನು ಕೈ ಹಾಕೋದು ಅದಕ್ಕೆ ತಾನೇ ನಾನು ಈ ಕಸುಬಿಗೆ ಬಂದಿದ್ದು

ಒಂದು ಅಟ್ಟೆ ಬಿಚ್ಚೋಕೆ ನಂಗೆ ಹತ್ತು ನಿಮಿಷ ಸಾಕಿತ್ತು ಇಪ್ಪತ್ತೇಳು ವರ್ಷದಲ್ಲಿ ನೀನು ನಂಗೆ ಆ ಹತ್ತು ನಿಮಿಷ ಕೊಡ್ಲಿಲ್ಲ ಈಗ ನನ್ನ ಕೈಲಿ ಆಗಲ್ಲ

ನಿಮ್ಮೂರಲ್ಲಿ ಚಪ್ಪಲಿ ಹೊಲಿಯೋರು ಇರ್ತಾರಲ್ಲ ತಗೊಂಡು ಹೋಗು ಎಲ್ಲಕ್ಕಿಂತ ಕೆಳಗಿರೋದೇ ಆರನೇದು ಅಂಟು ಮತ್ತೆ ನಾಲ್ಕು ಮೊಳೆ ಅಷ್ಟೇ ರಂಪಿಗೆ ಓರೆ ಹಾಕ್ಬೇಡಿ ಅಂತ ಹೇಳು ಮೇಲಿನ ಅಟ್ಟೆ ಗಾಯ ಆಗುತ್ತೆ

ಒಂದು ತಿಂಗಳು ನಡೆದು ಆಮೇಲೆ ಫೋಟೊ ಕಳ್ಸು ಉಜ್ಜಬೇಡ


ನವೆಂಬರ್ 17

ಅಣ್ಣ,

ನಿನ್ನೆ ಸಂಜೆ ಹೋಗಿದ್ದೆ. ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಒಬ್ಬರು ಕೂರುತ್ತಾರೆ, ನಿನ್ನ ವಯಸ್ಸಿನವರೇ. ನಿಲ್ಲಲು ನನಗೆ ಹಳೆಯ ಪೇಪರ್ ಹಾಸಿಕೊಟ್ಟರು. ಎಡಗಾಲಿನ ಬೂಟನ್ನು ತಿರುಗಿಸಿ ನೋಡಿ, ಹೊಲಿಗೆಯ ಸಾಲಿನುದ್ದಕ್ಕೂ ಹೆಬ್ಬೆರಳು ಎಳೆದರು. ಅವರ ಬೆರಳನ್ನೂ ಹಲಗೆ ಒಪ್ಪಲಾರದು.

"ಯಾರು ಮಾಡಿದ್ದು ಇದು?" ಎಂದು ಕೇಳಿದರು.

"ನಮ್ಮಣ್ಣ" ಎಂದೆ. ಈ ಊರಿನಲ್ಲಿ ಎಂಟು ವರ್ಷದಿಂದ ಆ ಮಾತು ಹೇಳಿರಲಿಲ್ಲ.

ಅವರು ಬೂಟನ್ನು ಬೆಳಕಿಗೆ ಹಿಡಿದು ನೋಡಿದರು. "ಕೈ ನಡುಗಿದೆ. ಆದ್ರೆ ಒಂದು ಹೊಲಿಗೆನೂ ತಪ್ಪಿಲ್ಲಮ್ಮ" ಎಂದರು. ನೀನು ಹೇಳಿದ ಮಾತನ್ನು ಹೇಳಿದೆ, ರಂಪಿಗೆ ಓರೆ ಹಾಕಬೇಡಿ ಎಂದು. ಗೊತ್ತು ಎಂಬಂತೆ ತಲೆಯಾಡಿಸಿದರು.

ಹಾಕಿಕೊಂಡು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದೆ. ಸೊಂಟ ಸುಮ್ಮನಿತ್ತು. ಆಸ್ಪತ್ರೆಯ ಬೂಟಿನಲ್ಲೂ ಇಷ್ಟು ಹಾಯಾಗಿ ನಡೆದಿರಲಿಲ್ಲ. ಬೆಂಚಿನ ಮೇಲೆ ಕೂತು ಅತ್ತೆ. ನಾನು ರೈಲು ತಪ್ಪಿಸಿಕೊಂಡೆ ಎಂದುಕೊಂಡು ಒಬ್ಬರು ಮುಂದಿನ ರೈಲಿನ ಹೊತ್ತು ಹೇಳಿದರು. ಅದು ನಮ್ಮೂರಿನ ಕಡೆಯದೇ, ಹೊತ್ತನ್ನು ಬರೆದುಕೊಂಡಿದ್ದೇನೆ. ಶನಿವಾರ ಅದಕ್ಕೇ ಹತ್ತಿ ನಿನ್ನ ಹತ್ತಿರ ಬರುತ್ತೇನೆ, ತಳವನ್ನು ಕಣ್ಣಾರೆ ನೋಡು.

ಉಳಿದ ಎಂಟು ಜೋಡನ್ನೂ ಒಂದೊಂದಾಗಿ ಅವರ ಹತ್ತಿರ ಒಯ್ಯುತ್ತೇನೆ. ಲೆಕ್ಕ ಹಾಕಿದೆ, ನಾನು ಬದುಕಿರುವವರೆಗೆ ಸಾಕು.

ಬಿಚ್ಚಿದ ಅಟ್ಟೆಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಅವರು ಕೆಲಸ ಮಾಡುವಾಗ ನಾನು ಒಂಟಿಕಾಲಿನಲ್ಲಿ ನಿಂತು ಸ್ಟೇಷನ್ನಿನ ಗಡಿಯಾರವನ್ನೇ ನೋಡುತ್ತಿದ್ದೆ. ನೀನು ಹತ್ತು ನಿಮಿಷ ಎಂದಿದ್ದೆ ಅಣ್ಣ. ಏಳೇ ನಿಮಿಷ ಹಿಡಿಯಿತು.

ಗುಬ್ಬಿ